ಉಳಿಯುವ ಗೋಡೆಗೂ ಕೂಲಿ ಕೊಡಿ

ಹಳೆಯ ಮನೆಯ ಅರ್ಧ ಕೆಡವಿ ಅರ್ಧ ಉಳಿಸಿಕೊಳ್ಳುವ ಕೆಲಸ ಈಗ ಊರೂರಲ್ಲೂ ನಡೆದಿದೆ. ಅದನ್ನು ಯಾರ ಕೈಗೆ, ಯಾವ ಕರಾರಿನ ಮೇಲೆ ಒಪ್ಪಿಸುತ್ತೇವೆ ಎನ್ನುವುದರ ಮೇಲೆ ಮನೆಯ ಜೊತೆಗೆ ಜೀವಗಳೂ ನಿಂತಿವೆ.

ಧಾರವಾಡದ ಹಳೇ ಓಣಿಗಳಲ್ಲಿ, ಮೈಸೂರಿನ ಅಗ್ರಹಾರಗಳಲ್ಲಿ, ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ನಡೆದುಹೋಗುವಾಗ ಅರ್ಧ ಮನೆಗಳು ಕಣ್ಣಿಗೆ ಬೀಳುತ್ತವೆ. ಒಂದು ಪಕ್ಕದಲ್ಲಿ ಹೊಸ ಆರ್‌ಸಿಸಿ ಕಟ್ಟಡ ಮೂರು ನಾಲ್ಕು ಅಂತಸ್ತು ಎದ್ದಿರುತ್ತದೆ. ಅದಕ್ಕೆ ತಾಗಿಕೊಂಡಂತೆ ಹಂಚಿನ ಮನೆಯ ಉಳಿದ ಪಾಲು. ಹಿಂದೆ ನಡುಮನೆಯ ಒಳಗೋಡೆಯಾಗಿದ್ದದ್ದು ಈಗ ಬೀದಿಗೆ ತೆರೆದುಕೊಂಡಿರುತ್ತದೆ. ದೀಪವಿಡುವ ಗೂಡು, ಅದರ ಮೇಲಿನ ಮಸಿ, ಕ್ಯಾಲೆಂಡರ್ ತೂಗುಹಾಕುತ್ತಿದ್ದ ಮೊಳೆ, ನೀಲಿ ಬೆರೆಸಿದ ಸುಣ್ಣ ಎಲ್ಲವೂ ಹೋಗಿಬರುವವರ ಕಣ್ಣಿಗೆ ಬೀಳುತ್ತವೆ. ಗೋಡೆಯ ಮೇಲ್ತುದಿಯಲ್ಲಿ ಸಾಲಾಗಿ ತೂತುಗಳು ಕಾಣುತ್ತವೆ. ಜಂತೆಗಳನ್ನು ಕಿತ್ತ ಜಾಗ ಅದು. ಆ ತೂತುಗಳಿಂದ ಶುರುವಾಗುವ ಬಿರುಕು ಮಳೆಗಾಲಕ್ಕೊಂದಿಷ್ಟು ಕೆಳಗಿಳಿಯುತ್ತಾ ಹೋಗುತ್ತದೆ.

ಮನೆ ಅರ್ಧವಾಗಲು ಕಾರಣಗಳು ನಮಗೆಲ್ಲ ಗೊತ್ತಿರುವಂಥವೇ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಒಬ್ಬರಿಗೆ ಹೊಸ ಮನೆ ಬೇಕು, ಇನ್ನೊಬ್ಬರಿಗೆ ಹಳೆಯದೇ ಸಾಕು. ರಸ್ತೆ ಅಗಲ ಮಾಡಲು ಬಂದವರು ಜಗುಲಿಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋಗುತ್ತಾರೆ. ಹಿತ್ತಿಲ ಕಡೆಯ ಅಡುಗೆಮನೆ ಗೆದ್ದಲು ಹಿಡಿದು ಕೂತಿರುತ್ತದೆ, ಮುಂದಿನ ಪಡಸಾಲೆ ಮಾತ್ರ ಗಟ್ಟಿಯಾಗಿರುತ್ತದೆ. ಕಾರಣ ಯಾವುದೇ ಇರಲಿ, ಮನೆಯವರು ಮಾಡುವುದು ಒಂದೇ. ಪರಿಚಯದವರನ್ನು ಕೇಳಿ ಒಬ್ಬ ಗುತ್ತಿಗೆದಾರನನ್ನು ಕರೆಸುತ್ತಾರೆ. ಅವನು ಅತ್ತಿತ್ತ ನೋಡಿ ಒಂದು ಮೊತ್ತ ಹೇಳುತ್ತಾನೆ. ಚೌಕಾಸಿ ನಡೆದು, ಬರುವ ಸೋಮವಾರ ಜೆಸಿಬಿ ತರಿಸುವುದೆಂದು ಮಾತಾಗುತ್ತದೆ.

ಈ ಮಾತುಕತೆಯಲ್ಲಿ ಬೀಳುವ ಭಾಗದ ವಿಚಾರವೆಲ್ಲ ಬರುತ್ತದೆ, ಉಳಿಯುವ ಭಾಗದ ವಿಚಾರ ಬರುವುದೇ ಇಲ್ಲ. ತಪ್ಪು ಆಗುವುದು ಇಲ್ಲಿಯೇ. ಇಡೀ ಕಟ್ಟಡವನ್ನು ನೆಲಸಮ ಮಾಡುವುದು ಬೇರೆ ಕೆಲಸ, ಅದರ ಒಂದು ಭಾಗವನ್ನು ತೆಗೆಯುವುದು ಬೇರೆ ಕೆಲಸ. ಎರಡನೆಯದರಲ್ಲಿ ನಾವು ಹಣ ಕೊಡಬೇಕಾದದ್ದು ಮುಖ್ಯವಾಗಿ ಉಳಿಯುವ ಗೋಡೆಗೆ. ಅದು ಅಲುಗದಂತೆ, ಬಿರುಕು ಬಿಡದಂತೆ, ಮುಂದಿನ ಮಳೆಗಾಲ ದಾಟುವಂತೆ ನೋಡಿಕೊಳ್ಳುವ ಕೌಶಲಕ್ಕೆ.

ಒಂದರ ಭಾರ ಇನ್ನೊಂದರ ಮೇಲೆ

ಇಂದಿನ ಆರ್‌ಸಿಸಿ ಮನೆಯಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆಗಳ ಚೌಕಟ್ಟು. ನಡುವಿನ ಗೋಡೆಗಳು ಬರೀ ಮರೆಗಾಗಿ ಇರುತ್ತವೆ. ಒಂದು ಗೋಡೆ ತೆಗೆದರೂ ಚೌಕಟ್ಟು ನಿಲ್ಲುತ್ತದೆ. ಹಳೆಯ ಕಟ್ಟಡಗಳಲ್ಲಿ ಹಾಗಿಲ್ಲ. ಅಲ್ಲಿ ಗೋಡೆಯೇ ಭಾರ ಹೊರುತ್ತದೆ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಆ ಗೋಡೆ, ಅಡ್ಡ ಬರುವ ಗೋಡೆಗಳು ಹಿಡಿದುಕೊಂಡಿರುವುದರಿಂದ, ಮೇಲಿನ ಮಾಡು ಒತ್ತಿ ಕೂತಿರುವುದರಿಂದ ನೆಟ್ಟಗೆ ನಿಂತಿರುತ್ತದೆ. ಅಡ್ಡಗೋಡೆ ತೆಗೆದು ಮೇಲಿನ ಭಾರವನ್ನೂ ಇಳಿಸಿದರೆ, ನೂರು ವರ್ಷ ನಿಂತ ಗೋಡೆಯನ್ನು ಹಿಡಿದುಕೊಳ್ಳುವುದು ಏನೂ ಉಳಿಯುವುದಿಲ್ಲ.

ಮದ್ರಾಸ್ ಟೆರೇಸ್ ಎನ್ನುವ ತಾರಸಿಯನ್ನು ನೋಡಿ. ಮೈಸೂರು, ಬೆಂಗಳೂರಿನ ಹಳೆಯ ಬಂಗಲೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಅದು ಸಾಮಾನ್ಯ. ತೇಗದ ಜಂತೆಗಳನ್ನು ಹತ್ತಿರ ಹತ್ತಿರ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚು, ಕೊನೆಗೆ ಬಿಲ್ಲೆ. ಎಷ್ಟೋ ಮನೆಗಳಲ್ಲಿ ಒಂದೇ ಜಂತೆ ಎರಡು ಕೋಣೆಗಳನ್ನು ದಾಟಿ ನಡುವಿನ ಗೋಡೆಯ ಮೇಲೆ ಹಾದುಹೋಗಿರುತ್ತದೆ. ಕೆಡವುವ ಕೋಣೆಯ ಕಡೆ ಅದನ್ನು ಹಾರೆ ಹಾಕಿ ಎಬ್ಬಿದರೆ, ಉಳಿಯುವ ಕೋಣೆಯ ತಾರಸಿಯೂ ಎದ್ದು ಸಡಿಲವಾಗುತ್ತದೆ. ಕೆಳಗೆ ನಿಂತವರಿಗೆ ಅದು ಗೊತ್ತಾಗುವುದಿಲ್ಲ. ಮುಂದಿನ ಜುಲೈನಲ್ಲಿ ತಾರಸಿ ಸೋರತೊಡಗಿದಾಗ ಗೊತ್ತಾಗುತ್ತದೆ.

ಇದಕ್ಕಿಂತ ಅಪಾಯದ್ದು ಜ್ಯಾಕ್ ಆರ್ಚ್ ತಾರಸಿ. ಹಳೆಯ ಗೋದಾಮು, ಮಾರುಕಟ್ಟೆ, ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ಗರ್ಡರುಗಳ ನಡುವೆ ಇಟ್ಟಿಗೆಯ ಸಣ್ಣ ಸಣ್ಣ ಕಮಾನುಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಪ್ರತಿ ಕಮಾನೂ ತನ್ನ ಎರಡೂ ಪಕ್ಕದ ಗರ್ಡರುಗಳನ್ನು ಹೊರಕ್ಕೆ ನೂಕುತ್ತಿರುತ್ತದೆ. ಪಕ್ಕದ ಕಮಾನು ಎದುರಿನಿಂದ ಅಷ್ಟೇ ನೂಕುವುದರಿಂದ ಎಲ್ಲವೂ ಸಮತೋಲದಲ್ಲಿರುತ್ತವೆ. ಜಾತ್ರೆಯ ನೂಕುನುಗ್ಗಲಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಸಾಲಿನಿಂದ ಒಬ್ಬನನ್ನು ಎಳೆದುಕೊಂಡರೆ ಏನಾಗುತ್ತದೋ, ಒಂದು ಕಮಾನು ತೆಗೆದಾಗ ಆಗುವುದೂ ಅದೇ. ಉಳಿಯುವ ಕೊನೆಯ ಗರ್ಡರಿಗೆ ಮೊದಲೇ ಕಬ್ಬಿಣದ ಸರಳು ಬಿಗಿದು ಹಿಡಿದಿಟ್ಟುಕೊಳ್ಳದಿದ್ದರೆ, ಕಮಾನುಗಳು ಒಂದರ ಹಿಂದೊಂದು ಕಳಚಿ ಬೀಳಬಹುದು.

ಇನ್ನು ಬಾಲ್ಕನಿ, ಸಜ್ಜಗಳ ಮಾತು. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲು ಚಪ್ಪಡಿ ಬೀಳದೆ ನಿಲ್ಲುವುದು ಅದರ ಒಳತುದಿಯ ಮೇಲೆ ಗೋಡೆಯ ಭಾರ ಕೂತಿರುವುದರಿಂದ. ಕೆಡವುವವರು ಮೇಲಿನಿಂದಲೇ ಶುರುಮಾಡುತ್ತಾರೆ, ಅದು ಸರಿಯಾದ ಕ್ರಮವೂ ಹೌದು. ಆದರೆ ಮೇಲಿನ ಗೋಡೆಯ ಸಾಲುಗಳನ್ನು ಇಳಿಸುತ್ತಾ ಬಂದಂತೆ ಚಪ್ಪಡಿಯ ಒಳತುದಿಯ ಭಾರ ಕಡಿಮೆಯಾಗುತ್ತದೆ. ಕೆಳಗಿನಿಂದ ಆಸರೆ ಕೊಟ್ಟಿರದಿದ್ದರೆ ಚಪ್ಪಡಿ ಮಗುಚಿಕೊಳ್ಳುತ್ತದೆ, ಅದರ ಮೇಲೆ ನಿಂತವರೊಂದಿಗೆ.

ಮರದ ಆಸೆ

ನಮ್ಮಲ್ಲಿ ಹಳೆಯ ಕಟ್ಟಡ ಕೆಡವುವ ವ್ಯವಹಾರಕ್ಕೆ ಒಂದು ವಿಚಿತ್ರ ಲೆಕ್ಕವಿದೆ. ಪೂರ್ತಿ ಕೆಡವುವುದಾದರೆ ಎಷ್ಟೋ ಸಲ ಗುತ್ತಿಗೆದಾರನೇ ಮನೆಯವರಿಗೆ ಹಣ ಕೊಡುತ್ತಾನೆ. ತೇಗದ ತೊಲೆ, ಬೀಟೆಯ ಬಾಗಿಲು, ಕೆತ್ತನೆಯ ಬೋದಿಗೆ, ಕಬ್ಬಿಣದ ಗರ್ಡರು, ಮಂಗಳೂರು ಹಂಚು, ಕಡಪ ಕಲ್ಲು ಎಲ್ಲಕ್ಕೂ ಮಾರುಕಟ್ಟೆ ಇದೆ. ಆ ಮಾಲು ಮಾರಿದರೆ ಬರುವ ಹಣವೇ ಅವನ ಲಾಭ. ಭಾಗಶಃ ಕೆಡವುವಾಗ ಮಾಲು ಕಡಿಮೆ, ಕಷ್ಟ ಜಾಸ್ತಿ. ಆದ್ದರಿಂದ ಮನೆಯವರು ಸ್ವಲ್ಪ ಹಣ ಕೊಡುತ್ತಾರೆ, ಮಾಲನ್ನೂ ಅವನಿಗೇ ಬಿಡುತ್ತಾರೆ. ಎರಡೂ ಕಡೆಯವರಿಗೆ ಇದು ಅನುಕೂಲವೆಂದೇ ತೋರುತ್ತದೆ.

ಈ ಲೆಕ್ಕದಲ್ಲಿ ದೊಡ್ಡ ಅಪಾಯವಿದೆ. ಮಾಲು ತನ್ನದಾದಾಗ, ಬೆಲೆಬಾಳುವುದನ್ನು ಮೊದಲು ಇಳಿಸಿ ಲಾರಿಗೆ ಹಾಕಿಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ಬೆಲೆಬಾಳುವುದು ಮರ. ಗೋಡೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದೂ ಅದೇ ಮರ. ಜಂತೆಗಳನ್ನೆಲ್ಲ ಮೊದಲು ಎಳೆದುಕೊಂಡರೆ, ಎತ್ತರದ ಗೋಡೆ ಯಾವ ಆಧಾರವೂ ಇಲ್ಲದೆ ಒಂಟಿಯಾಗಿ ನಿಲ್ಲುತ್ತದೆ. ಗಾಳಿಯೋ, ಪಕ್ಕದಲ್ಲಿ ಹೋದ ಲಾರಿಯ ನಡುಕವೋ, ಜೆಸಿಬಿಯ ಒಂದು ತಟ್ಟೋ ಸಾಕು.

ಈ ಆಸೆಯ ಬೆಲೆ ಎಷ್ಟೆಂಬುದಕ್ಕೆ ಜಗತ್ತು ಮರೆಯಬಾರದ ಉದಾಹರಣೆ ಅಮೆರಿಕದ ಫಿಲಡೆಲ್ಫಿಯಾ ನಗರದ್ದು. 2013ರ ಜೂನ್ 5ರಂದು ಅಲ್ಲಿನ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ನಾಲ್ಕು ಅಂತಸ್ತಿನ ಹಳೆಯ ಕಟ್ಟಡವೊಂದನ್ನು ಕೆಡವಲಾಗುತ್ತಿತ್ತು. ಅದರ ಒಂಟಿ ಗೋಡೆ ಪಕ್ಕದ ಒಂದಂತಸ್ತಿನ ಅಂಗಡಿಯ ಮೇಲೆ ಕುಸಿಯಿತು. ಹಳೆ ಬಟ್ಟೆ, ಸಾಮಾನು ಕೊಳ್ಳಲು ಬಂದಿದ್ದವರು, ಅಂಗಡಿಯ ಕೆಲಸದವರು ಅವಶೇಷದಡಿ ಸಿಕ್ಕಿಕೊಂಡರು. ಆರು ಮಂದಿ ಅಂದೇ ಸತ್ತರು, ಗಾಯಗೊಂಡ ಇನ್ನೊಬ್ಬರು ಕೆಲವು ವಾರಗಳ ನಂತರ ತೀರಿಕೊಂಡರು. ವಿಚಾರಣೆಯಲ್ಲಿ ಹೊರಬಂದ ಸಂಗತಿ ಸ್ಪಷ್ಟವಾಗಿತ್ತು. ಗುತ್ತಿಗೆ ಹಿಡಿದವನು ಕೂಗಿದ್ದು 1,12,000 ಡಾಲರ್, ಉಳಿದವರು ಕೇಳಿದ್ದಕ್ಕಿಂತ ಬಹಳ ಕಡಿಮೆ. ಮಾರಾಟಕ್ಕೆ ಬರುವ ಮರದ ತೊಲೆಗಳನ್ನು ಮೊದಲು ತೆಗೆದಿದ್ದ. ಗೋಡೆಯನ್ನು ಆಧಾರವಿಲ್ಲದೆ ಬಿಟ್ಟಿದ್ದ. ಗುತ್ತಿಗೆದಾರನೂ ಯಂತ್ರ ನಡೆಸಿದವನೂ ಜೈಲಿಗೆ ಹೋದರು. 2017ರಲ್ಲಿ ಸಂತ್ರಸ್ತರಿಗೆ 22.7 ಕೋಟಿ ಡಾಲರ್ ಪರಿಹಾರ ಕೊಡುವ ಒಪ್ಪಂದವಾಯಿತು. ಕೆಡವುವ ಖರ್ಚಿನಲ್ಲಿ ಹಣ ಉಳಿಸಲು ಹೋದದ್ದರ ಕೊನೆ ಇದು.

ಪಾಠ ನಮಗೂ ಅನ್ವಯಿಸುತ್ತದೆ. ಮಾಲಿನ ವ್ಯವಹಾರವನ್ನೂ ಕೆಡವುವ ಕೂಲಿಯನ್ನೂ ಬೇರೆ ಬೇರೆ ಮಾಡಬೇಕು. ಮರ, ಕಬ್ಬಿಣ, ಹಂಚು ಮನೆಯವರದೇ ಎಂದು ಬರೆದಿಡಿ. ಕೆಲಸ ಮುಗಿದ ಮೇಲೆ ತೂಕ ಹಾಕಿಸಿ, ಅಳತೆ ಮಾಡಿಸಿ, ಬೇಕಾದರೆ ಅದೇ ಗುತ್ತಿಗೆದಾರನಿಗೇ ಮಾರಿ. ಕೆಡವಲು ಪೂರ್ತಿ ಕೂಲಿ ಕೊಡಿ. ಆಗ ಜಂತೆಯನ್ನು ಯಾವಾಗ ಇಳಿಸಬೇಕೆಂಬುದನ್ನು ಗೋಡೆಯ ಸ್ಥಿತಿ ತೀರ್ಮಾನಿಸುತ್ತದೆ, ಗುಜರಿಯ ದರ ತೀರ್ಮಾನಿಸುವುದಿಲ್ಲ.

ಮೈಸೂರು ಕಂಡ ಎರಡು ಆಗಸ್ಟ್

ಹಳೆಯ ಕಟ್ಟಡಕ್ಕೆ ಕೈ ಹಾಕುವುದೂ ಅಪಾಯ, ಹಾಕದೆ ಬಿಡುವುದೂ ಅಪಾಯ ಎಂಬುದನ್ನು ಮೈಸೂರು ನೋವಿನಿಂದ ಕಲಿತಿದೆ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡ ನಗರದ ನಡುಮಧ್ಯದಲ್ಲಿ, ಅಂಗಡಿಗಳಿಂದ ತುಂಬಿದ್ದ ಜಾಗ. ಹಳೆಯ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಹೋಗದ ಮೈಸೂರಿನ ವಿದ್ಯಾರ್ಥಿಗಳು ಆಗ ಕಡಿಮೆಯಿದ್ದರು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಾಗೇ ಬಿಟ್ಟದ್ದರ ಫಲ ಅದು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್ 28ರಂದು, ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ದುರಸ್ತಿ ಕಾಮಗಾರಿ ನಡೆದಿತ್ತು.

ಎರಡೂ ಆಗಸ್ಟ್‌ನಲ್ಲಿ ಆದದ್ದನ್ನು ಗಮನಿಸಬೇಕು. ಸುಣ್ಣದ ಗಾರೆಯ, ಮಣ್ಣಿನ ಗೋಡೆಗಳು ಮಳೆ ನೀರು ಕುಡಿದು ಭಾರವಾಗುವ, ಬಲ ಕಳೆದುಕೊಳ್ಳುವ ಕಾಲ ಅದು. ಹಳೆಯ ಮನೆಯ ಒಂದು ಭಾಗ ತೆಗೆಯುವುದಿದ್ದರೆ ದೀಪಾವಳಿ ಕಳೆದ ಮೇಲೆ ಶುರುಮಾಡಿ, ಯುಗಾದಿಯೊಳಗೆ ಮುಗಿಸಿ, ಉಳಿದ ಗೋಡೆಗೆ ಮುಂಗಾರಿನ ಮೊದಲೇ ಹೊದಿಕೆ ಕೊಡಬೇಕು. ಕರಾವಳಿ, ಮಲೆನಾಡಿನಲ್ಲಂತೂ ಇದರಲ್ಲಿ ರಾಜಿ ಇರಕೂಡದು. ಮುರಕಲ್ಲಿನ ಗೋಡೆಯನ್ನು ಅರ್ಧ ಕೆಡವಿ ಜೂನ್‌ಗೆ ಬಿಟ್ಟವರ ಮನೆಯಲ್ಲಿ ಉಳಿದರ್ಧದ ಮೇಲೂ ಭರವಸೆ ಇಡುವಂತಿಲ್ಲ.

ಒಳ್ಳೆಯ ಮೇಸ್ತ್ರಿ ಏನು ಮಾಡುತ್ತಾನೆ

ಧಾರವಾಡದ ಹಳೇ ಓಣಿಯೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರ ಮನೆಯ ಪೂರ್ವದ ಪಾಲನ್ನು ತೆಗೆಯುವ ಕೆಲಸ ನಡೆದಾಗ ನಾನು ನೋಡಲು ಹೋಗಿದ್ದೆ. ಮೇಸ್ತ್ರಿ ವಯಸ್ಸಾದವರು. ಬಂದವರೇ ಅಟ್ಟ ಹತ್ತಿದರು. ಬ್ಯಾಟರಿ ಹಿಡಿದು ಪ್ರತಿ ಜಂತೆಯೂ ಎಲ್ಲಿಂದ ಬಂದು ಎಲ್ಲಿ ಮುಗಿಯುತ್ತದೆಂದು ನೋಡಿ, ನಡುವಿನ ಗೋಡೆಯನ್ನು ದಾಟಿ ಹೋಗುವವುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೆಳಗಿಳಿದು, ಗೋಡೆಯುದ್ದಕ್ಕೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ನಡೆದರು. ಸದ್ದು ಪೊಳ್ಳಾಗಿ ಬಂದ ಕಡೆ ನಿಂತು, ಗಾರೆ ಕೆರೆದು ನೋಡಿದರು. ಹಿಂದೆ ಯಾವುದೋ ಕಾಲದಲ್ಲಿ ಮುಚ್ಚಿದ ಬಾಗಿಲು ಅಲ್ಲಿತ್ತು. ಅದರ ಮೇಲಿನ ಮರದ ಅಡ್ಡಪಟ್ಟಿ ಹುಳ ಹಿಡಿದು ಪುಡಿಯಾಗಿತ್ತು. ಅದನ್ನು ನೋಡದೆ ಪಕ್ಕದ ಗೋಡೆಗೆ ಪೆಟ್ಟು ಹಾಕಿದ್ದರೆ ಮೇಲಿನದೆಲ್ಲ ಕೆಳಗೆ ಬರುತ್ತಿತ್ತು.

ಮೊದಲ ದಿನ ಅವರು ಒಂದು ಇಟ್ಟಿಗೆಯನ್ನೂ ಕೀಳಲಿಲ್ಲ. ಉಳಿಯುವ ಕೋಣೆಯೊಳಗೆ, ನಡುಗೋಡೆಗೆ ಸಮಾನಾಂತರವಾಗಿ ಸರ್ವೆ ಕಂಬಗಳನ್ನೂ ಕಬ್ಬಿಣದ ಜಾಕಿಗಳನ್ನೂ ನಿಲ್ಲಿಸಿ, ಮೇಲೆ ಹಲಗೆ ಕೊಟ್ಟು ಜಂತೆಗಳ ಭಾರವನ್ನು ಅವುಗಳಿಗೆ ವಹಿಸಿದರು. ಹಳೆಯ ಬಿರುಕುಗಳ ಮೇಲೆ ಅಡ್ಡವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಬಳಿದು ಮೇಲೆ ದಿನಾಂಕ ಬರೆಸಿದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಆ ಪಟ್ಟಿ ಸೀಳುತ್ತದೆ. ದಿನಾ ಬೆಳಿಗ್ಗೆ ಅದನ್ನು ನೋಡಿಯೇ ಕೆಲಸ ಶುರು. ಆಮೇಲೆ ದಾಟುವ ಜಂತೆಗಳನ್ನು ಗೋಡೆಯ ಆಚೆಬದಿಗೆ ಒಂದು ಗೇಣು ಬಿಟ್ಟು ಗರಗಸದಿಂದ ಕತ್ತರಿಸಿದರು, ಎಬ್ಬಲಿಲ್ಲ. ಎರಡು ಭಾಗ ಕೂಡುವ ಕಡೆ ಎರಡು ಮೂರು ಅಡಿ ಅಗಲದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಉಳಿ, ಸುತ್ತಿಗೆಯಲ್ಲೇ ಬಿಡಿಸಿದರು. ಬೀಳುವ ಭಾಗ ಉಳಿಯುವ ಭಾಗದಿಂದ ಪೂರ್ತಿ ಬೇರೆಯಾದ ಮೇಲೆ, ದೂರದ ಕೊನೆಯಿಂದ ಯಂತ್ರ ಬಂತು.

ಈ ಕ್ರಮವೇ ಕಸುಬಿನ ಸಾರ. ಭಾರತೀಯ ಮಾನಕ ಬ್ಯೂರೋ ಕಟ್ಟಡ ಕೆಡವುವಿಕೆಯ ಸುರಕ್ಷತೆಗಾಗಿಯೇ ಐಎಸ್ 4130 ಎಂಬ ಸಂಹಿತೆಯನ್ನು ರೂಪಿಸಿದೆ. ಅದರ ತಿರುಳೂ ಇದೇ. ಕಟ್ಟಿದ ಕ್ರಮಕ್ಕೆ ತಿರುಗುಮುರುಗಾಗಿ, ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾ ಬರಬೇಕು. ಗೋಡೆಯನ್ನು ಆಧಾರವಿಲ್ಲದೆ ನಿಲ್ಲಿಸಬಾರದು. ಬಿಚ್ಚಿದ ಇಟ್ಟಿಗೆ, ಗಾರೆಯನ್ನು ಮಾಳಿಗೆಯ ಮೇಲೆ ರಾಶಿ ಹಾಕಬಾರದು. ಕೆಲಸ ಶುರುಮಾಡುವ ಮೊದಲು ವಿದ್ಯುತ್, ನೀರು, ಗ್ಯಾಸ್ ಸಂಪರ್ಕ ಕಡಿದಿರಬೇಕು.

ಕಾಂಕ್ರೀಟಿನ ಭಾಗ ತೆಗೆಯುವುದಾದರೆ ಬ್ರೇಕರ್ ಬದಲು ವಜ್ರದ ಹಲ್ಲಿನ ಗರಗಸದಿಂದ ಕೊಯ್ಯಿಸಿ. ದರ ಜಾಸ್ತಿ, ಆದರೆ ಬ್ರೇಕರಿನ ನಡುಕ ಹಳೆಯ ಸುಣ್ಣದ ಗಾರೆಯನ್ನು ಒಳಗಿಂದೊಳಗೇ ಪುಡಿ ಮಾಡುತ್ತದೆ.

ಹಾಗಾಗಿ ಗುತ್ತಿಗೆದಾರನನ್ನು ಆರಿಸುವಾಗ ಎಷ್ಟಾಗುತ್ತದೆ ಎಂದು ಕೇಳುವ ಮೊದಲು, ಮೊದಲ ದಿನ ಏನು ಮಾಡುತ್ತೀರಿ ಎಂದು ಕೇಳಿ. ಆಸರೆ ಕೊಡುತ್ತೇವೆ ಎಂದವನ ಜೊತೆ ಮಾತು ಮುಂದುವರಿಸಿ. ಜೆಸಿಬಿ ತರುತ್ತೇವೆ ಎಂದವನಿಗೆ ನಮಸ್ಕಾರ ಹೇಳಿ. ಫೋನಿನಲ್ಲೇ ಚದರಡಿ ದರ ಹೇಳುವವನು ಈ ಕೆಲಸಕ್ಕೆ ಆಗಿಬರುವವನಲ್ಲ. ಮನಸ್ಸಿಗೆ ಬಂದ ಗುತ್ತಿಗೆದಾರನು ಹಿಂದೆ ಭಾಗಶಃ ಕೆಡವಿದ ಒಂದೆರಡು ಮನೆಗಳ ವಿಳಾಸ ಪಡೆದು ಹೋಗಿ ನೋಡಿ. ಮನೆಯವರನ್ನು ಮಾತಾಡಿಸಿ, ಮಳೆಗಾಲ ಹೇಗೆ ಕಳೆಯಿತೆಂದು ಕೇಳಿ. ಎಷ್ಟೇ ಅನುಭವಿ ಮೇಸ್ತ್ರಿ ಸಿಕ್ಕರೂ, ಕಟ್ಟಡಗಳ ಬಲ ತಿಳಿದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಿ, ಯಾವ ಗೋಡೆ ಭಾರ ಹೊರುತ್ತಿದೆ, ಆಸರೆ ಎಲ್ಲೆಲ್ಲಿ ಬೇಕು ಎಂದು ಕಾಗದದ ಮೇಲೆ ಬರೆದುಕೊಡಲಿ. ಅವರಿಗೆ ಕೊಡುವ ಶುಲ್ಕ ಇಡೀ ಖರ್ಚಿನಲ್ಲಿ ಒಂದು ಸಣ್ಣ ಪಾಲು.

ಕಾಗದದ ಮೇಲೆ ಇರಬೇಕಾದದ್ದು

ಬಾಯಿಮಾತಿನ ಗುತ್ತಿಗೆ ನಮ್ಮಲ್ಲಿ ಎಲ್ಲ ಕಡೆಯೂ ನಡೆಯುತ್ತದೆ. ಈ ಕೆಲಸಕ್ಕೆ ಅದು ಸಾಲದು. ಎಲ್ಲಿಯವರೆಗೆ ಕೆಡವಬೇಕೆಂಬ ಗೆರೆ ನಕ್ಷೆಯಲ್ಲೂ ಇರಬೇಕು, ಗೋಡೆಯ ಎರಡೂ ಮಗ್ಗುಲಲ್ಲಿ ಬಣ್ಣದಲ್ಲೂ ಇರಬೇಕು. ಯಾವುದರ ನಂತರ ಯಾವುದು ಎಂಬ ಕ್ರಮ ಬರೆದಿರಬೇಕು. ಆಸರೆ ಯಾರದು, ಎಷ್ಟು ದಿನ ಇರಬೇಕು, ತೆಗೆಯಲು ಯಾರು ಒಪ್ಪಿಗೆ ಕೊಡಬೇಕು ಎಂಬುದು ಬರೆದಿರಬೇಕು. ಮಾಲಿನ ಪಟ್ಟಿ ಇರಬೇಕು. ಕಸ ಎಲ್ಲಿಗೆ ಹೋಗುತ್ತದೆ ಎಂಬುದೂ ಇರಬೇಕು.

ಹಣ ಕೊಡುವ ಕ್ರಮ ಎಲ್ಲಕ್ಕಿಂತ ಮುಖ್ಯ. ಮುಂಗಡ ಕಡಿಮೆ ಇರಲಿ. ಆಸರೆ ನಿಂತಾಗ ಒಂದು ಕಂತು, ಎರಡು ಭಾಗ ಬೇರೆಯಾದಾಗ ಒಂದು, ಕೆಡವಿ ಕಸ ಸಾಗಿಸಿದಾಗ ಒಂದು. ಉಳಿದ ಗೋಡೆಯ ತೆರೆದ ಮೈಗೆ ಹೊದಿಕೆ ಕೊಟ್ಟು ಮುಗಿಸುವವರೆಗೂ ಕೊನೆಯ ಕಂತನ್ನು ಕೈಯಲ್ಲೇ ಇಟ್ಟುಕೊಳ್ಳಿ. ಒಳ್ಳೆಯ ಗುತ್ತಿಗೆದಾರ ಇದಕ್ಕೆ ಒಪ್ಪುತ್ತಾನೆ, ಅವನ ಲೆಕ್ಕದಲ್ಲೂ ಆ ಕೆಲಸ ಸೇರಿರುತ್ತದೆ.

ಪಾಲಿನ ಮನೆಯಾದರೆ ವಿಭಾಗ ಪತ್ರವನ್ನು ತೆಗೆದು ನೋಡಿ. ನಡುಗೋಡೆ ಯಾರದು? ಜಂಟಿಯಾಗಿದ್ದರೆ ಒಬ್ಬರೇ ಮುಟ್ಟುವಂತಿಲ್ಲ, ಇನ್ನೊಬ್ಬರ ಲಿಖಿತ ಒಪ್ಪಿಗೆ ಬೇಕು. ಪಕ್ಕದ ಮನೆಯವರನ್ನು ಕರೆದು, ಅವರ ಗೋಡೆಗಳಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೊ ತೆಗೆಸಿ, ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿಟ್ಟುಕೊಳ್ಳಿ. ನಾಳೆಯ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಸ್ಥಳೀಯ ಸಂಸ್ಥೆಯ ಅನುಮತಿಯನ್ನು ಕೆಲಸಕ್ಕೆ ಮೊದಲೇ ಪಡೆಯಿರಿ. ಬಾದಾಮಿ, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಇನ್ನೊಂದು ಮಾತಿದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕೆಡವಿದ ಜಾಗದಲ್ಲಿ ಮತ್ತೆ ಕಟ್ಟಲು ಆಗುವುದೇ ಎಂದು ತಿಳಿದುಕೊಳ್ಳದೆ ಒಂದು ಹಂಚನ್ನೂ ಇಳಿಸಬೇಡಿ.

ಹಾರೆ ಹಿಡಿದವರ ಜೀವ

ಈ ಕೆಲಸಕ್ಕೆ ಬರುವವರು ಬಹುಪಾಲು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ, ಇನ್ನೂ ದೂರದ ರಾಜ್ಯಗಳಿಂದ ಗುಳೆ ಬಂದವರು. ಕಾಲಿಗೆ ಹವಾಯಿ ಚಪ್ಪಲಿ, ಮುಖಕ್ಕೆ ಟವೆಲ್. ಅವರು ಯಾವ ಗೋಡೆಯ ಮೇಲೆ ನಿಂತು ಅದನ್ನೇ ಬಿಚ್ಚುತ್ತಿರುತ್ತಾರೋ ಆ ಗೋಡೆಯ ಬಲದ ಬಗ್ಗೆ ಅವರಿಗೆ ಯಾರೂ ಹೇಳಿರುವುದಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾಯ್ದೆ, ಕೆಡವುವುದನ್ನೂ ಕಟ್ಟಡ ಕೆಲಸವೆಂದೇ ಪರಿಗಣಿಸಿತು. ಅಂದರೆ ಸುರಕ್ಷತೆ, ಪರಿಹಾರ, ಕಲ್ಯಾಣ ಮಂಡಳಿಯ ಸೌಲಭ್ಯಗಳಲ್ಲಿ ಅವರಿಗೂ ಪಾಲಿದೆ. ನೋಂದಣಿ ಆಗಿದೆಯೇ, ವಿಮೆ ಇದೆಯೇ ಎಂದು ಗುತ್ತಿಗೆದಾರನನ್ನು ಕೇಳುವುದು ಮನೆ ಯಜಮಾನನ ಕರ್ತವ್ಯ. ಹೆಲ್ಮೆಟ್, ಬೂಟು, ಎತ್ತರದಲ್ಲಿ ನಿಲ್ಲುವವರಿಗೆ ಸೊಂಟದ ಬೆಲ್ಟು ಎಂದು ಕರಾರಿನಲ್ಲೇ ಬರೆಸಿ, ಅದರ ಖರ್ಚನ್ನೂ ಕೊಡಿ.

ಧೂಳು ನಿಧಾನವಾಗಿ ಕೊಲ್ಲುತ್ತದೆ. ಕಲ್ಲು, ಇಟ್ಟಿಗೆ, ಕಾಂಕ್ರೀಟಿನ ಪುಡಿಯಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಪೈಪಿನಲ್ಲಿ ನೀರು ಚಿಮುಕಿಸುತ್ತಾ ಕೆಡವುವುದು ಅಗ್ಗದ, ಆದರೂ ಪರಿಣಾಮಕಾರಿ ಉಪಾಯ. ಆದರೆ ಉಳಿಯುವ ಮಣ್ಣಿನ ಗೋಡೆಗೆ ಆ ನೀರು ಇಂಗದಂತೆ ತಾಡಪಾಲು ಕಟ್ಟಿರಬೇಕು. ಹಿತ್ತಿಲ ಕೊಟ್ಟಿಗೆಯ ಮೇಲೆ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಅದು ಕ್ಯಾನ್ಸರ್‌ಕಾರಕ. ಒಡೆಯದೆ, ಒದ್ದೆ ಮಾಡಿ, ಇಡೀ ಶೀಟಾಗಿ ಇಳಿಸಬೇಕು.

ನೆಲದ ಕೆಳಗೆ ನೋಡಿದ್ದೀರಾ?

ಹಳೆಯ ಮನೆಯ ನೆಲವೂ ಗುಟ್ಟು ಇಟ್ಟುಕೊಂಡಿರುತ್ತದೆ. ಮುಚ್ಚಿದ ಬಾವಿ, ಕಲ್ಲು ಹಾಸಿದ ಹಳೆಯ ಕಕ್ಕಸುಗುಂಡಿ, ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು. ಮೇಲೆ ಪರಸಿಕಲ್ಲು ಮುಚ್ಚಿದ್ದರಿಂದ ಮನೆಯ ಕಿರಿಯರಿಗೆ ಅದು ಇದ್ದದ್ದೇ ಗೊತ್ತಿರುವುದಿಲ್ಲ. ಟನ್ನುಗಟ್ಟಲೆ ತೂಕದ ಯಂತ್ರ ಅದರ ಮೇಲೆ ಹತ್ತಿದರೆ ಕುಸಿಯುತ್ತದೆ. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯುವುದೂ ಪ್ರಾಣಕ್ಕೆ ಎರವು, ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ನಮ್ಮ ಹಿರಿಯರು ಅದನ್ನು ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತಿದ್ದರು. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರನ್ನು ಕೂರಿಸಿಕೊಂಡು, ಎಲ್ಲೆಲ್ಲಿ ಏನಿತ್ತೆಂದು ಕೇಳಿ ನಕ್ಷೆಯಲ್ಲಿ ಬರೆದುಕೊಳ್ಳಿ.

ಕೆಡವಿ ಮುಗಿದ ಮೇಲೂ ಅಪಾಯ ಕಳೆಯುವುದಿಲ್ಲ. ಹಳೆಯ ಗೋಡೆಯ ಪಾಯ ಆಳವಿರುವುದು ಎರಡು ಮೂರು ಅಡಿಯಷ್ಟೇ. ಹೊಸ ಕಟ್ಟಡದ ಕಂಬಗಳಿಗೆ ಐದಾರು ಅಡಿ ಅಗೆಯುತ್ತಾರೆ. ಹಳೆಯ ಗೋಡೆಯ ಬುಡಕ್ಕೇ ತಾಗಿಸಿ ಉದ್ದಕ್ಕೆ ಒಂದೇ ಸಲ ಕಾಲುವೆ ತೋಡಿದರೆ ಅದರ ಕೆಳಗಿನ ಮಣ್ಣು ಜಾರುತ್ತದೆ. ಕೆಡವುವಾಗ ಬೀಳದ ಗೋಡೆ ಹೀಗೆ ಪಾಯ ತೋಡುವಾಗ ಬೀಳುತ್ತದೆ. ತುಂಡು ತುಂಡಾಗಿ, ಒಂದು ಬಿಟ್ಟು ಒಂದು ಅಗೆದು, ಅಗೆದದ್ದನ್ನು ಕಟ್ಟಿ ತುಂಬಿಸಿ ಮುಂದಿನದಕ್ಕೆ ಹೋಗಬೇಕು. ಕೆಡವುವವನೂ ಕಟ್ಟುವವನೂ ಬೇರೆಯವರಾದರೆ ಈ ಜವಾಬ್ದಾರಿ ಇಬ್ಬರ ನಡುವೆ ಜಾರಿಹೋಗುತ್ತದೆ. ಎರಡೂ ಕರಾರಿನಲ್ಲಿ ಇದನ್ನು ಬರೆಸಬೇಕು.

ಗೋಡೆಗೆ ಹೊದಿಕೆ, ಕಸಕ್ಕೆ ದಾರಿ

ಒಳಗೋಡೆ ಹೊರಗೋಡೆಯಾದ ಮೇಲೆ ಅದಕ್ಕೆ ಹೊರಗೋಡೆಯ ಆರೈಕೆ ಬೇಕು. ಜಂತೆಯ ತೂತುಗಳನ್ನು ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಕೂರಿಸಿ ತುಂಬಬೇಕು. ಮೇಲ್ತುದಿಗೆ ನೀರು ಜಾರುವ ತಲೆಗಾರೆ ಕೊಡಬೇಕು. ಇಲ್ಲಿ ಹೆಚ್ಚಿನವರು ಸಿಮೆಂಟ್ ಬಳಿಸುತ್ತಾರೆ. ಮಣ್ಣು, ಸುಣ್ಣದ ಗೋಡೆ ಉಸಿರಾಡುವ ಗೋಡೆ. ಅದರ ಮೇಲೆ ಸಿಮೆಂಟ್ ಬಿದ್ದರೆ ನೆಲದಿಂದ ಏರಿದ ತೇವ ಹೊರಹೋಗದೆ ಒಳಗೇ ಕೂತು ಗೋಡೆಯನ್ನು ಕೊಳೆಸುತ್ತದೆ. ಸುಣ್ಣದ ಗಾರೆಯನ್ನೇ ಬಳಿಸಿ, ಮಳೆ ಬಡಿಯುವ ದಿಕ್ಕಾದರೆ ಮೇಲೆ ಶೀಟಿನ ಮರೆ ಮಾಡಿಸಿ.

ಕಟ್ಟಡದ ಕಸಕ್ಕಾಗಿಯೇ ಪ್ರತ್ಯೇಕ ನಿಯಮಗಳು 2016ರಲ್ಲಿ ಬಂದವು. ಕಾಂಕ್ರೀಟ್, ಮಣ್ಣು, ಮರ ಮತ್ತು ಲೋಹ, ಇಟ್ಟಿಗೆ ಮತ್ತು ಗಾರೆ ಎಂದು ಬೇರೆ ಬೇರೆ ಮಾಡಿ ಒಪ್ಪಿಸಬೇಕು, ರಸ್ತೆಗೆ, ಚರಂಡಿಗೆ ಸುರಿಯಬಾರದು ಎಂದು ಅವು ಹೇಳಿದವು. ನಮ್ಮ ಊರುಗಳ ಎಷ್ಟೋ ಕೆರೆಯಂಗಳಗಳು ರಾತ್ರಿ ಬಂದು ಹೋದ ಟ್ರ್ಯಾಕ್ಟರುಗಳಿಂದ ತುಂಬಿವೆ. ನಿಮ್ಮ ಮನೆಯ ಕಸ ಹಾಗೆ ಹೋಗಬಾರದೆಂದರೆ ಸಾಗಣೆಗೆ ತಕ್ಕ ದರ ಕೊಟ್ಟು, ಒಪ್ಪಿಸಿದ ರಸೀದಿ ಕೇಳಿ.

ಜೋಪಾನವಾಗಿ ಬಿಚ್ಚಿದ್ದಕ್ಕೆ ಇನ್ನೊಂದು ಆಯುಷ್ಯವಿದೆ ಎಂಬುದನ್ನು ಮಣಿಪಾಲದಲ್ಲಿ ಕಣ್ಣಾರೆ ನೋಡಬಹುದು. ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಬಿಚ್ಚಿಸಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಜೋಡಿಸಿದರು. ಕುಂಜೂರು ಚೌಕಿಮನೆ, ಹರ್ಕೂರು ಒಳಗಿನಮನೆ ಅಲ್ಲಿ ಇಂದಿಗೂ ನಿಂತಿವೆ. ಎಲ್ಲರೂ ಅಷ್ಟು ಮಾಡಲಾರರು. ಆದರೆ ಬಿಚ್ಚಿದ ಬಾಗಿಲನ್ನು ಹೊಸ ಮನೆಗೆ ಕೂರಿಸಬಹುದು, ಹಳೆಯ ಹಂಚನ್ನು ಉಳಿದ ಅರ್ಧದ ಮಾಡಿಗೆ ಕೂಡಿಡಬಹುದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಕಾಲದಿಂದ ನಮ್ಮ ಮಾಡುಗಳನ್ನು ಕಾಯ್ದ ಹಂಚುಗಳು ಅವು. ಒಡೆದ ಒಂದು ಹಂಚಿಗೆ ಅದೇ ಅಳತೆಯ, ಅದೇ ಅಂಚಿನ ಇನ್ನೊಂದು ಇಂದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಅತಿ ಕಡಿಮೆ ದರ ಹೇಳಿದವನಿಗೆ ಕೆಲಸ ಕೊಡುವುದು ನಮ್ಮ ರೂಢಿ. ಗೋಡೆ ಕಟ್ಟುವಾಗ ಆ ರೂಢಿಯಿಂದ ಆಗುವ ನಷ್ಟವನ್ನು ತಡವಾಗಿಯಾದರೂ ಸರಿಪಡಿಸಬಹುದು. ಕೆಡವುವಾಗ ಅಂಥ ಅವಕಾಶ ಇರುವುದಿಲ್ಲ. ನಿಮ್ಮ ಮನೆಯ ಅರ್ಧವನ್ನು ತೆಗೆಸುವ ಯೋಚನೆ ಇದ್ದರೆ, ಈ ಬೇಸಿಗೆಗೆ ಮೊದಲೇ ಎಂಜಿನಿಯರರನ್ನು ಕರೆಸಿ, ಕರಾರು ಬರೆಸಿ, ಆಸರೆಯ ಖರ್ಚನ್ನು ಲೆಕ್ಕದ ಮೊದಲ ಸಾಲಿನಲ್ಲಿ ಹಾಕಿ. ಅಷ್ಟಕ್ಕೆ ಹಣ ಸಾಲದಿದ್ದರೆ ಇನ್ನೊಂದು ವರ್ಷ ಕಾಯಿರಿ. ಆಸರೆ ನಿಲ್ಲುವ ತನಕ ಯಾರಿಗೂ ಹಾರೆ ಎತ್ತಲು ಬಿಡಬೇಡಿ.